ಕಾಲೇಜಿಗೆ ಬಂದ ರಜಾ ಚೀಟಿ

ಹಾಜರಿ ಕೂಗುತ್ತಿದ್ದೆ. ತರಗತಿಯ ಬಾಗಿಲಲ್ಲಿ ತಾಯಿಯೊಬ್ಬರು ತಲೆ ಮೇಲೆ ಸೆರಗು ಹೊದ್ದು ನಿಂತಿದ್ದರು. ಜ್ವರ ಬಂದು ಮಲಗಿದ ಮಗಳ ರಜಾ ಚೀಟಿ ಕೊಡಲು ಕುರ್ತಕೋಟಿಯಿಂದ ಬಸ್ಸು ಹತ್ತಿ ಗದಗಿನ ನಮ್ಮ ಕಾಲೇಜಿಗೆ ಬಂದಿದ್ದರಂತೆ. ಇಷ್ಟು ವರ್ಷ ಪಾಠ ಮಾಡಿದ್ದೇನೆ, ಕಾಲೇಜಿನಲ್ಲಿ ಯಾರೂ ನನ್ನ ಕೈಗೆ ರಜಾ ಚೀಟಿ ಕೊಟ್ಟಿರಲಿಲ್ಲ.

“ರೋಲ್ ನಂಬರ್ ಎಷ್ಟ್ರಿ?” ಎಂದೆ.

“ನಂಬರ್ ಗೊತ್ತಿಲ್ರಿ ಸರ್, ಅನ್ನಪೂರ್ಣಾ ಅಂತ ಹೆಸರೈತಿ. ಹೈಸ್ಕೂಲಿನ್ಯಾಗ ಒಂದಿನ ತಪ್ಪಿದ್ರ ಮಾಸ್ತರು ಮನಿಗೆ ಹೇಳಿ ಕಳಸ್ತಿದ್ರು. ನೀವೂ ದಾರಿ ನೋಡಾಕತ್ತಿರ್ತೀರಿ ಅಂತ ಬಂದೆ.”

ನಾನು ಯಾರ ದಾರಿಯನ್ನೂ ನೋಡಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಹುಡುಕಿದೆ, ನಲವತ್ತೇಳನೇ ನಂಬರು. ನಾಲ್ಕು ದಿನದಿಂದ ಗೈರುಹಾಜರಿ ಹಾಕಿದ್ದು ನಾನೇ. ಎಷ್ಟು ಯೋಚಿಸಿದರೂ ಆ ಹುಡುಗಿಯ ಮುಖ ಮಾತ್ರ ನೆನಪಾಗಲಿಲ್ಲ.

“ಹೌದ್ರಿ, ಯಾಕ ಬಂದಿಲ್ಲ ಅಂತ ನಾನೂ ವಿಚಾರ ಮಾಡಾಕತ್ತಿದ್ದೆ” ಎಂದು ಸುಳ್ಳು ಹೇಳಿದೆ. ಆ ತಾಯಿ ನಿರಾಳವಾಗಿ ನಕ್ಕು ಕೈಮುಗಿದು ಹೋದರು.

ಸೋಮವಾರ ನಲವತ್ತಾರರ ನಂತರ “ಅನ್ನಪೂರ್ಣಾ” ಎಂದು ಕರೆದು ತಲೆಯೆತ್ತಿದೆ. ಕೊನೆಯ ಬೆಂಚಿನ ಹುಡುಗಿಯೊಬ್ಬಳು, ಹೈಸ್ಕೂಲಿನಲ್ಲಿ ನಿಲ್ಲುವ ಹಾಗೆ, ತಟ್ಟನೆ ಎದ್ದು ನಿಂತಳು.