ಹುಚ್ಚಕ್ಕನ ಸಿಟ್ಟು ಮತ್ತು ಹೆಪ್ಪಿನ ಪದ

ಧರ್ಮಪುರದಾಚೆ, ಇನ್ನೊಂದು ಹರದಾರಿ ನಡೆದರೆ ತೆಲುಗು ಮಾತು ಶುರುವಾಗುವ ಗಡಿಯ ಹಳ್ಳಿಯೊಂದರಲ್ಲಿ ಹುಚ್ಚಕ್ಕ ಎಂಬ ಹೆಂಗಸಿದ್ದಳು. ಹೆಸರಿಗಷ್ಟೇ ಹುಚ್ಚಕ್ಕ, ಅವಳಷ್ಟು ನೆಟ್ಟಗಿನ ತಲೆ ಆ ಊರಲ್ಲಿ ಇನ್ನೊಂದಿರಲಿಲ್ಲ. ಆದರೆ ಕೋಪ ಮಾತ್ರ ಸದಾ ಮೂಗಿನ ತುದಿಯಲ್ಲಿ. ಕೋಳಿ ಅಂಗಳಕ್ಕೆ ಬಂದರೂ ಬೈಗುಳ, ಬಾರದಿದ್ದರೂ ಬೈಗುಳ. ಈ ಸಿಟ್ಟು ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳಿದರೆ ಉತ್ತರ ತಮ್ಮ ಮನೆ ಜಗಲಿಗೇ ಬಂದು ಕೂರುತ್ತದೆ ಎಂಬುದು ದೊಡ್ಡವರಿಗೆಲ್ಲ ಗೊತ್ತಿತ್ತು.

ಅವಳು ಬಸವಿ. ಗಂಡುಮಕ್ಕಳಿಲ್ಲದವರು ಮಗಳನ್ನು ದೇವರಿಗೆ ಮದುವೆ ಮಾಡಿ ತವರಲ್ಲೇ ಉಳಿಸಿಕೊಳ್ಳುವುದು ಆ ಸೀಮೆಯ ಪದ್ಧತಿ. ಅಪ್ಪನಿಗೆ ಕೊಳ್ಳಿ ಇಡುವ ಹಕ್ಕೂ ಆಮೇಲೆ ಅವಳದೇ. ಹುಚ್ಚಕ್ಕನಿಗೆ ಇನ್ನೂ ಏನೂ ತಿಳಿಯದ ವಯಸ್ಸಿನಲ್ಲಿ ಊರ ಗುಡಿಯ ರಂಗಪ್ಪನ ಹೆಸರಲ್ಲಿ ತಾಳಿ ಕಟ್ಟಿಸಿದವನು ಆಗಿನ ಗೌಡ. ಗಂಡ ಕಲ್ಲು. ಆಮೇಲೆ ಬಾಗಿಲು ತಟ್ಟಿದವರು ಕಲ್ಲಲ್ಲ. ಹಗಲು ಅವಳನ್ನು ನಿತ್ಯಮುತ್ತೈದೆ ಎಂದು ಹೊಗಳಿ ಮದುವೆ ಮನೆಗಳಲ್ಲಿ ಮೊದಲ ಅರಿಶಿನ ಮುಟ್ಟಿಸುತ್ತಿದ್ದ ಜನವೇ ಕತ್ತಲಾದರೆ ದಾರಿ ತಪ್ಪಿ ಅವಳ ಅಂಗಳಕ್ಕೆ ಬರುತ್ತಿದ್ದರು. ಥೂ, ಆ ಮಾತು ಅಷ್ಟಕ್ಕೇ ಸಾಕು.

ತಂಬೂರಿ ಹಿಡಿದು ಊರೂರು ಅಲೆಯುತ್ತಿದ್ದ ಮುದುಕನೊಬ್ಬ ಒಂದು ಮಳೆಗಾಲ ಅವಳ ಪಡಸಾಲೆಯಲ್ಲಿ ತಂಗಿದ್ದ. ಅವಳನ್ನು ಮಗಳೇ ಎಂದು ಕರೆದ ಗಂಡಸು ಅಪ್ಪನ ನಂತರ ಅವನೊಬ್ಬನೇ. ಹೋಗುವಾಗ ಒಂದು ಪದ ಕಲಿಸಿಕೊಟ್ಟು ಹೋದ:

ಹೆಪ್ಪು ಬಿದ್ದ ಹಾಲಿಗೆ ಹಾಲೆಂಬ ಹೆಸರಿಲ್ಲ,
ಒಲವು ಬಿದ್ದ ಜೀವಕೆ ನಾನೆಂಬ ಸೊಲ್ಲಿಲ್ಲ.

ದೇವರ ಪ್ರೀತಿ ಒಂದು ಹನಿ ಬಿದ್ದರೆ ಸಾಕು, ಮನುಷ್ಯ ಇದ್ದ ಹಾಗೆ ಇರಲಾರ ಎಂದು ಅವನು ಅರ್ಥ ಹೇಳಿದ್ದ. ಬೇರೆಯವರಾಗಿದ್ದರೆ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಹುಚ್ಚಕ್ಕ ಜಗಳಕ್ಕೆ ನಿಂತಳು. ಬೆಳಗಿನ ಜಾವ ರಾಗಿ ಬೀಸುವಾಗ ಆ ಎರಡು ಸಾಲು ಹಾಡುವುದು, ಹಾಡಿ ಅದನ್ನೇ ಬೈಯುವುದು. ಹೆಪ್ಪು ಹಾಕುವವನು ಹಾಲನ್ನು ಒಂದು ಮಾತು ಕೇಳುತ್ತಾನೆಯೇ? ನನ್ನನ್ನು ಯಾರು ಕೇಳಿದರು? ಎಷ್ಟೋ ವರ್ಷ ಅವಳ ಧ್ಯಾನವೆಂದರೆ ಇದೇ.

ಆದರೆ ದಿನವೂ ಹಾಲು ಕಾಸುವ ಕೈ ಅದು. ಕುದಿಯುವ ಹಾಲಿಗೆ ಹೆಪ್ಪು ಬಿಟ್ಟರೆ ಒಡೆದುಹೋಗುತ್ತದೆ. ಹದ ನೋಡಿ ಬಿಟ್ಟು, ಮುಚ್ಚಿಟ್ಟು, ಮುಟ್ಟದೆ ಸುಮ್ಮನಿರಬೇಕು. ಮತ್ತೆ ಮತ್ತೆ ಅಲುಗಾಡಿಸುವ ಮನೆಯಲ್ಲಿ ಮೊಸರಾಗುವುದಿಲ್ಲ. ಹಾಗೆ ಬೀಸುತ್ತಾ ಹಾಡುತ್ತಾ ಒಂದು ದಿನ ಅವಳಿಗೆ ಹೊಳೆಯಿತು: ಇಷ್ಟು ಕಾಲ ತನ್ನನ್ನು ಮುಟ್ಟದೆ, ಅಲುಗಾಡಿಸದೆ, ಸುಮ್ಮನೆ ಕಾದವನು ಆ ಕಲ್ಲಿನ ರಂಗಪ್ಪ ಒಬ್ಬನೇ. ಅವತ್ತು ರಾಗಿ ಬಿಟ್ಟು ಗುಡಿಗೆ ಓಡಿ ಬಾಗಿಲಲ್ಲಿ ಕುಸಿದು ಕೂತು ಅತ್ತಳು. ಅವನ ಮೇಲೆ ಅವಳಿಗೆ ನಿಜವಾಗಿಯೇ ಪ್ರೀತಿ ಹುಟ್ಟಿತ್ತು. ಅದರಿಂದ ಸಿಟ್ಟೇನೂ ಇಳಿಯಲಿಲ್ಲ. ಕೋಳಿಯ ಮೇಲಿದ್ದದ್ದು ಹೋಗಿ, ತನ್ನ ಗಂಡನ ಹೆಸರು ಕೆಡಿಸಿದವರ ಮೇಲೆ ತಿರುಗಿತು.

ಹೀಗಿರುವಾಗ ಊರಲ್ಲಿ ದನಗಳಿಗೆ ರೋಗ ಬಂತು. ಈಗಿನ ಗೌಡ ದೊಡ್ಡತಿಮ್ಮಪ್ಪ ಚಾವಡಿಯಲ್ಲಿ ಕೂತು ಕಾರಣ ಹೇಳಿದ. ರಂಗಪ್ಪನಿಗೆ ತಲೆಮಾರಿಗೊಂದು ತಾಳಿ ಒಪ್ಪಿಸಬೇಕು, ಈ ತಲೆಮಾರಿನದು ಹಾಗೇ ಉಳಿದಿದೆ. ಅಂಜನಪ್ಪನಿಗೆ ಗಂಡುಮಕ್ಕಳಿಲ್ಲ, ಮಗಳು ಗಂಗಿ ಇದ್ದಾಳೆ, ಅವಳನ್ನೇ ಬಸವಿ ಬಿಡೋಣ. ಮೈಸೂರು ಸರ್ಕಾರ ದೊಡ್ಡ ಗುಡಿಗಳಲ್ಲಿ ಇಂಥ ಸೇವೆ ನಿಲ್ಲಿಸಿದೆಯಂತೆ ಎಂದು ಹಿರಿಯೂರು ಸಂತೆಗೆ ಹೋಗಿ ಬಂದ ಯಾರೋ ಅಂದರು. ನಮ್ಮ ರಂಗಪ್ಪನಿಗೆ ಯಾವ ಸರ್ಕಾರ ಎಂದು ಗೌಡ ನಕ್ಕುಬಿಟ್ಟ. ಅಂಜನಪ್ಪ ಗೌಡನ ಹೊಲದಲ್ಲಿ ದುಡಿಯುವವನು. ತಲೆ ತಗ್ಗಿಸಿ ಒಪ್ಪಿಕೊಂಡ.

ಹೊಸಬಳಿಗೆ ತಾಳಿ ಕಟ್ಟಬೇಕಾದವಳು ಹಳೆಯ ಬಸವಿ. ಹೇಳಲು ಬಂದ ಗೌಡನಿಗೆ ಹುಚ್ಚಕ್ಕ ಒಲ್ಲೆ ಅಂದಳು. ಅವನೇನು ಅವಳ ಕಾಲು ಹಿಡಿಯುತ್ತಾನೆಯೇ? ನೀನಲ್ಲದಿದ್ದರೆ ಮಡಕಶಿರಾ ಕಡೆಯಿಂದ ಇನ್ನೊಬ್ಬಳನ್ನು ಕರೆಸುತ್ತೇನೆ, ಹುಡುಗಿಯ ಹಣೆಬರಹವೇನೂ ಬದಲಾಗುವುದಿಲ್ಲ ಎಂದ. ಹುಚ್ಚಕ್ಕ ಬೀಸುವ ಕಲ್ಲಿಗೆ ಇನ್ನೊಂದು ಹಿಡಿ ರಾಗಿ ಸುರಿದು ಬೀಸಿ ಮುಗಿಸಿದಳು. ಆಮೇಲೆ, ಆಗಲಿ, ತಾಳಿ ನಾನೇ ಕಟ್ಟುತ್ತೇನೆ ಅಂದಳು.

ಆ ಮಾತು ಗಂಗಿಯ ತಾಯಿ ಬರಗೇರಮ್ಮನ ಕಿವಿಗೆ ಬಿತ್ತು. ಊರಲ್ಲಿ ಯಾರು ಕೈಬಿಟ್ಟರೂ ಹುಚ್ಚಕ್ಕ ಬಿಡಲಾರಳೆಂದು ನಂಬಿದ್ದ ಹೆಂಗಸು ಅವಳು. ಓಡಿ ಬಂದು ಹೊಸ್ತಿಲಾಚೆಯೇ ನಿಂತಳು.

"ನಿನಗಾದದ್ದು ನನ್ನ ಮಗಳಿಗೂ ಆಗ್ಲಿ ಅಂತೀಯೇನಕ್ಕಾ? ನಿನ್ನ ಹೊಟ್ಟೆ ಅಷ್ಟು ಉರೀತೈತಾ?"

ಹುಚ್ಚಕ್ಕನಿಗೆ ರೇಗಿತು. ತನ್ನನ್ನು ಹಾಗೆ ತಿಳಿಯಬಹುದೇ ಎಂದು ರೇಗಿತು, ಹಾಗೆ ತಿಳಿಯದೆ ಇನ್ನೇನು ಮಾಡಿಯಾಳು ಎಂದು ಇನ್ನೂ ರೇಗಿತು. ಬಾಯಿ ಬಿಟ್ಟರೆ ಗುಟ್ಟು ಚಾವಡಿ ಮುಟ್ಟುತ್ತದೆ. ಮಗಳನ್ನು ಹೊತ್ತಿಗೆ ಸರಿಯಾಗಿ ಕರ್ಕಂಬಾ ಎಂದಷ್ಟೇ ಹೇಳಿ ಒಳಗೆ ಹೋದಳು. ಬರಗೇರಮ್ಮ ಅಂಗಳದ ಮಣ್ಣು ಹಿಡಿದು ತೂರಿ ಶಾಪ ಹಾಕಿದಳು.

ಗುಡಿಯಲ್ಲಿ ಊರೇ ನೆರೆದಿತ್ತು. ಕಂಬಳಿ ಹಾಸಿ ಗಂಗಿಯನ್ನು ಕೂರಿಸಿದ್ದರು. ಹಳದಿ ಸೀರೆಯೊಳಗಿಂದ ಆ ಹುಡುಗಿ ಜನರ ನಡುವೆ ಅವ್ವನನ್ನು ಹುಡುಕುತ್ತಿದ್ದಳು. ಪೂಜಾರಿ ಹನುಮಂತಯ್ಯ ಕಳಶದ ಮುಂದಿದ್ದ ತಾಳಿಯನ್ನು ಅರಿಶಿನದ ತಟ್ಟೆಯಲ್ಲಿಟ್ಟು ಹುಚ್ಚಕ್ಕನ ಕೈಗೆ ಕೊಟ್ಟ. ಹಲಗೆ, ಸನಾಯಿ ಜೋರಾದವು. ಹುಚ್ಚಕ್ಕ ತಾಳಿ ಎತ್ತಿಕೊಂಡು ಗಂಗಿಯ ಹತ್ತಿರ ಬಂದಳು. ಬಂದವಳು ಆ ಕಂಬಳಿಯ ಮೇಲೆಯೇ ಕೂತು, ದೇವರ ಕಡೆ ಮುಖ ಮಾಡಿ, ತಾಳಿಯನ್ನು ತನ್ನ ಕೊರಳಿಗೇ ಕಟ್ಟಿಕೊಂಡಳು.

ಹಲಗೆ ನಿಂತಿತು.

ನಿನಗೆ ಆಗಲೇ ಒಂದು ಸಲ ಕಟ್ಟಿಯಾಗಿದೆಯಲ್ಲ, ಇದೇನು ಹುಚ್ಚಾಟ ಎಂದು ದೊಡ್ಡತಿಮ್ಮಪ್ಪ ಮೇಲೆದ್ದ. ಹುಚ್ಚಕ್ಕ ಕೂತಲ್ಲಿಂದ ಅಲುಗಲಿಲ್ಲ.

"ಆಗ ಕಟ್ಟಿಸಿದ್ದು ನಿಮ್ಮಪ್ಪ, ಗೌಡ್ರೆ. ಈಗ ಮನಸಿಟ್ಟು ಕಟ್ಕಂಡೋಳು ನಾನು. ತಲೆಮಾರಿಗೊಂದೇ ಅಂದ್ರಲ್ಲ, ಆತು. ರಂಗಪ್ಪಗೆ ಈ ಮುದುಕಿ ಬ್ಯಾಡಾದ್ರೆ ಅವನೇ ಬಂದು ಬಿಚ್ಲಿ. ನೀವು ಮುಟ್ಟಬ್ಯಾಡ್ರಿ."

ಗೌಡ ಪೂಜಾರಿಯ ಮುಖ ನೋಡಿದ. ದೇವರ ಹೆಸರಲ್ಲಿ ಕಟ್ಟಿದ ತಾಳಿಗೆ ಕೈ ಹಾಕಿದವನ ವಂಶ ಉಳಿಯದು ಎಂದು ಊರಿಗೆಲ್ಲ ಹೇಳಿಕೊಂಡು ಬಂದದ್ದು ಅದೇ ಹನುಮಂತಯ್ಯ. ಅವನು ತನ್ನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಬೇಕಾದಾಗ ಹುಟ್ಟಿಸಿದ ಭಯವನ್ನು ಬೇಡವಾದಾಗ ಸಾಯಿಸುವುದು ಸುಲಭವಲ್ಲ. ಗೌಡ ಮೆಟ್ಟು ಮೆಟ್ಟಿಕೊಂಡು ಹೊರಟ.

ಗಂಗಿ ಇನ್ನೂ ಕಲ್ಲಾಗಿ ಕೂತಿದ್ದಳು. ಏನ್ ನೋಡ್ತೀಯ, ನನ್ನ ಮದುವೇಲಿ ನಿನಗೇನು ಕೆಲಸ, ಎದ್ದು ನಿಮ್ಮವ್ವನ ಹತ್ರ ಹೋಗು ಎಂದು ಹುಚ್ಚಕ್ಕ ಗದರಿದಳು. ಹುಡುಗಿ ಎದ್ದು ಓಡಿದಳು. ಬರಗೇರಮ್ಮ ಮಗಳನ್ನು ಸೆರಗಿನೊಳಗೆ ಎಳೆದುಕೊಂಡು ಹುಚ್ಚಕ್ಕನ ಕಡೆ ತಿರುಗಿ, ಶಾಪ ಹಾಕಿದ ತನ್ನ ಬಾಯಿಗೆ ತಾನೇ ಬಡಿದುಕೊಂಡಳು. ಜನ ಒಬ್ಬೊಬ್ಬರಾಗಿ ಕರಗಿದರು, ವಾಲಗದವರು ಕೂಲಿ ಕೇಳದೆಯೇ ಹೋದರು.

ಹುಚ್ಚಕ್ಕ ಒಬ್ಬಳೇ ಉಳಿದಳು. ಈಗಲಾದರೂ ಸಿಟ್ಟು ಇಳಿದಿರಬೇಕೆಂದು ನೀವು ಅಂದುಕೊಂಡಿದ್ದರೆ ಅವಳನ್ನು ನೀವು ಅರಿತಿಲ್ಲ. ಆ ಹೊಸ ಮದುವಣಗಿತ್ತಿ ಕಂಬಳಿಯ ಮೇಲೆ ಮುಂದೆ ಸರಿದು, ಗಂಡನ ಮುಖವನ್ನು ನೆಟ್ಟ ನೋಟದಿಂದ ನೋಡಿದಳು.

"ಅವತ್ತು ನನ್ನ ಕೂರಿಸ್ದಾಗ," ಅಂದಳು, "ನೀನಾದ್ರೂ ಬ್ಯಾಡ ಅನ್ನಬಾರದಾಗಿತ್ತಾ?"