ನಕ್ಷತ್ರ ಇಟ್ಟ ತಾಯಿ

ಯಾರೂ ಕೇಳಿರದ ಪದಗಳನ್ನು ಹುಡುಕುವುದಕ್ಕೂ ಸಂಬಳ ಕೊಡುತ್ತಾರೆಂದು ನಮಗೆ ಗೊತ್ತಾದದ್ದು ಚಿಕ್ಕಮ್ಮನಿಂದ. ಅವಳದು ನಿಘಂಟಿನ ಕಚೇರಿಯಲ್ಲಿ ಕೆಲಸ. ರಷ್ಯನ್, ಪೋಲಿಷ್, ಸ್ಲೊವೀನ್ ಮುಂತಾದ ಸ್ಲಾವಿಕ್ ಭಾಷೆಗಳಿಗೆಲ್ಲ ಒಂದು ಹಳೆಯ ತಾಯಿಭಾಷೆ ಇತ್ತಂತೆ. ಅದರಲ್ಲಿ ಬರೆದಿಟ್ಟದ್ದು ಒಂದಕ್ಷರವೂ ಉಳಿದಿಲ್ಲ. ಮಕ್ಕಳ ಮಾತನ್ನು ಹೋಲಿಸಿ ತಾಯಿಯ ಮಾತನ್ನು ಊಹಿಸಬೇಕು. 'ತಾಯಿ'ಗೆ ರಷ್ಯನ್ನಿನಲ್ಲಿ ಮಾತ್, ಪೋಲಿಷ್‌ನಲ್ಲಿ ಮಾತ್ಕಾ, ಸ್ಲೊವೀನ್‌ನಲ್ಲಿ ಮಾತಿ. ಹಾಗಾಗಿ ಮೂಲ *ಮಾತಿ. 'ತಾಯಿಯ' ಎನ್ನುವಾಗ ಅಡಗಿದ್ದ ರಕಾರ ಹೊರಬಂದು *ಮಾತೆರೆ. ಪದದ ಮೊದಲಿಗೆ ಇಟ್ಟ ನಕ್ಷತ್ರದ ಅರ್ಥ, ಇದನ್ನು ಕೇಳಿದವರು ಯಾರೂ ಈಗಿಲ್ಲ ಎಂದು. ಈ ಭಾಷೆಗಳ ಪೂರ್ವ, ಪಶ್ಚಿಮ, ದಕ್ಷಿಣ ಮೂರೂ ಕವಲುಗಳು ಸಾಕ್ಷಿ ಹೇಳದೆ ಪದವನ್ನು ಒಪ್ಪುವಂತಿಲ್ಲ ಎಂಬುದು ಅವರ ಕಚೇರಿಯ ಕಟ್ಟಳೆ.

ಚಿಕ್ಕಮ್ಮ ಅಂಬೆಗಾಲಿಡುವಾಗಲೇ ಅಜ್ಜಿ ತೀರಿಕೊಂಡಿದ್ದಳು. ಒಂದು ಫೋಟೊ ಕೂಡ ಇಲ್ಲ. ತನ್ನ ಅಮ್ಮನ ದನಿ ಹೇಗಿತ್ತೆಂದು ತಿಳಿಯಬೇಕು, ಅವಳಿಗಿದ್ದದ್ದು ಅದೊಂದೇ ಆಸೆ. ಕಚೇರಿಯ ಕಟ್ಟಳೆಯನ್ನೇ ಮನೆಗೂ ತಂದಳು: ಒಡಹುಟ್ಟಿದ ಮೂವರೂ ಸಾಕ್ಷಿ ಹೇಳಬೇಕು. ಅಜ್ಜಿಯ ಜೋಗುಳವನ್ನು ನನ್ನ ಅಮ್ಮ ಹಾಡಿ ತೋರಿಸಿದಳು. ಚಿಕ್ಕಮಾವ ಹಾಡಿದಾಗ ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡರು. ಆದರೂ ಅದು ಸಾಕ್ಷಿಯೇ. ಅಜ್ಜಿಯನ್ನು ಹೆಚ್ಚು ಕಾಲ ಕಂಡಿದ್ದವನು ದರ್ಜಿ ದೊಡ್ಡಮಾವ. ಅವನು ಮಾತ್ರ ಜಪ್ಪಯ್ಯ ಅಂದರೂ ಬಾಯಿ ಬಿಡಲಿಲ್ಲ.

"ನಂಗೆ ನೆನಪಿಲ್ಲ ಕಣೇ," ಎಂದು ದಾರ ಪೋಣಿಸುತ್ತ ಕೂರುತ್ತಿದ್ದ.

ಒಂದು ದಿನ ನನ್ನ ಮಗಳ ಲಂಗ ಹೊಲಿಸಲು ನಾನೂ ಚಿಕ್ಕಮ್ಮನೂ ಅವಳನ್ನು ಎತ್ತಿಕೊಂಡು ಅವನ ಅಂಗಡಿಗೆ ಹೋದೆವು. ಬಟ್ಟೆಚೂರುಗಳ ನಡುವೆ ಮಗು ರಚ್ಚೆ ಹಿಡಿಯಿತು. ಚಿಕ್ಕಮ್ಮ ಅದನ್ನು ತೊಡೆಗೆ ಹಾಕಿಕೊಂಡು, ಎರಡೇ ಸಾಕ್ಷಿಗಳ ಜೋಗುಳವನ್ನು ಹಾಡತೊಡಗಿದಳು. ಹೊಲಿಗೆಯಂತ್ರ ನಿಂತಿತು.

"ಹಾಗಲ್ಲ. ಅಷ್ಟು ಉದ್ದಕ್ಕೆ ಹಾಡ್ತಿರ್ಲಿಲ್ಲ," ಎಂದ ದೊಡ್ಡಮಾವ. "ಉಬ್ಬಸ ಇತ್ತಲ್ಲ ಅಮ್ಮಂಗೆ. ಎರಡನೇ ಸಾಲು ಆದ್ಮೇಲೆ ನಿಲ್ಲಿಸಿ ಉಸಿರು ಎಳ್ಕೋತಿದ್ಳು. ನಾನು ಮಂಚದ ಪಕ್ಕ ಕೂತು, ಮುಂದಿನ ಸಾಲು ಬರುತ್ತೋ ಇಲ್ವೋ ಅಂತ ಕಾಯ್ತಿದ್ದೆ. ಒಂದಿನ ಬರ್ಲಿಲ್ಲ."

ಹೊಲಿಯುತ್ತಿದ್ದ ಲಂಗದಲ್ಲೇ ಕಣ್ಣೊರೆಸಿಕೊಂಡ. ಚಿಕ್ಕಮ್ಮ ಮತ್ತೆ ಮೊದಲಿನಿಂದ ಹಾಡಿದಳು. ಎರಡನೆಯ ಸಾಲು ಮುಗಿಸಿ ನಿಂತು, ಉಸಿರೆಳೆದುಕೊಂಡಳು. ತನ್ನ ತಾಯಿ ಅವಳಿಗೆ ಸಿಕ್ಕಿದ್ದು ಅಲ್ಲಿ.

ಚಿಕ್ಕಮ್ಮನಿಗೆ ಉಬ್ಬಸವಿಲ್ಲ. ಆದರೂ ಈಗ ಹಾಡುವಾಗಲೆಲ್ಲ ಅಲ್ಲಿ ನಿಲ್ಲುತ್ತಾಳೆ. ನನ್ನ ಮಗಳು ಕಣ್ಣು ಬಿಟ್ಟುಕೊಂಡು ಕಾಯುತ್ತಾಳೆ. ಮುಂದಿನ ಸಾಲು ಬರುತ್ತದೆ.