ಒದ್ದೆಯಾದ ಚೀಟಿ ಮತ್ತು ಒಂದು ‘ಇಲ್ಲ’

“ಅಜ್ಜೀ, ಇವತ್ತು ನೀ ಒಂದು ತಾಸು ಮಷಿನ್ ಆಗ್ಬೇಕು.”

“ಮಷಿನ್ ಆಗೋ ವಯಸ್ಸೇನಬೇ ಇದು? ಮೊಣಕಾಲು ಆಗ್ಲೇ ಕಿರ್ ಅನ್ನಾಕತ್ತಾವು.”

“ಹಳೇ ಮಷಿನ್ನೇ ಬೇಕು ನನಗ. ಕುಂದ್ರು.”

ಕುಳಿತೆ, ಮಕ್ಕಳೇ. ಅಂದಿನಿಂದ ನನಗೆ ನೆಮ್ಮದಿಯಿಲ್ಲ.

ರೇಣುಕಾ ನನ್ನ ಮಗಳ ಮಗಳು. ಇಲ್ಲೇ ಸಿಂಧನೂರಿನ ಒಂದು ಆಫೀಸಿನಲ್ಲಿ ಕೆಲಸ. ಲಿಂಗಸುಗೂರಿನ ಒಂದು ಆಸ್ಪತ್ರೆಯ ಹಳೆಯ ಚೀಟಿಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಕೆಲಸ ಅವರಿಗೆ ಸಿಕ್ಕಿದೆ. ಒಂದು ಸಾಫ್ಟ್‌ವೇರ್ ರಾಶಿಗಟ್ಟಲೆ ಚೀಟಿಗಳನ್ನು ಒಮ್ಮೆಲೇ ಓದಿ, ಹೆಸರು, ವಯಸ್ಸು, ರೋಗ, ಔಷಧಿ ಎಂದು ಬೇರೆಬೇರೆ ಮಾಡಿ ಇಡುತ್ತದಂತೆ. ಆ ಸಾಫ್ಟ್‌ವೇರನ್ನು ನಡೆಸುವುದೂ ಮನುಷ್ಯರಲ್ಲ, ಎಐ ಏಜೆಂಟ್ ಎಂಬ ಇನ್ನೊಂದು ಯಂತ್ರ. (ನನಗೂ ಮೊದಲು ತಲೆ ತಿರುಗಿತು.) ಆ ಏಜೆಂಟ್ ಓದಿಕೊಂಡು ಕೆಲಸ ಮಾಡಲು ಒಂದು ಕೈಪಿಡಿ ಬೇಕು. ಅದನ್ನು ಬರೆಯುವವಳು ನಮ್ಮ ರೇಣುಕಾ.

ಬರೆದದ್ದು ಸರಿಯಾಗಿದೆಯೋ ಇಲ್ಲವೋ ನೋಡಬೇಕಲ್ಲ? ಅದಕ್ಕೆ ನಾನು.

ಕೈಪಿಡಿಯನ್ನು ಕನ್ನಡದಲ್ಲಿ ಬರೆದುಕೊಟ್ಟಳು. ಜೊತೆಗೆ, ಆ ಆಸ್ಪತ್ರೆಯ ರಾಶಿಯಿಂದ ಒಪ್ಪಿಗೆ ಕೇಳಿ ತಂದ ನಮ್ಮ ಮನೆಯವರದೇ ನಾಲ್ಕಾರು ಚೀಟಿಗಳ ಜೆರಾಕ್ಸ್. “ಇದರಾಗ ಹೇಳಿದಂಗ ಚೀಟಿ ಓದು, ಹಾಳ್ಯಾಗ ಬರಿ. ನನ್ನ ಏನೂ ಕೇಳಂಗಿಲ್ಲ. ಮಷಿನ್ ಏನ್ ನನ್ನ ಕೇಳಾಕ ಮನಿಗೆ ಬರ್ತದೇನು?”

ಕೇಳಬೇಡ ಎಂದರೆ ನನಗೆ ಖುಷಿಯೇ. ಮುಕ್ಕುಂದದ ಶಾಲೆಯಲ್ಲಿ ಕಲಿಯುವಾಗಲೂ ಎದ್ದುನಿಂತು ಕೇಳಿದವಳಲ್ಲ ನಾನು.

ಮೂರನೆಯದು ನನ್ನ ನಾದಿನಿ ಗಂಗಮ್ಮನ ಚೀಟಿ. ಅವಳಿರುವುದು ಮಸ್ಕಿಯಲ್ಲಿ. ಚೀಟಿ ಎಂದೋ ನೀರು ಕುಡಿದು ಶಾಯಿ ಹರಡಿತ್ತು. ‘ಮೈಗೆ ಆಗದ ಔಷಧಿ’ ಎಂಬಲ್ಲಿ ಬರೀ ನೀಲಿ ಕಲೆ. ನಾನು ಯೋಚಿಸಿದೆ. ಗಂಗಮ್ಮನನ್ನು ನಾನು ಕಾಣದವಳೇ? ಅವಳ ಮದುವೆ ಮಾಡಿದವರು ನಾವು. ಔಷಧಿ ಆಗಲಿಲ್ಲ ಎಂದು ಅವಳು ಒಂದು ದಿನವೂ ಹೇಳಿದ್ದಿಲ್ಲ. ‘ಇಲ್ಲ’ ಎಂದು ಬರೆದೆ. ಅಕ್ಷರ ದುಂಡಗೆ ಬಂದಿತ್ತು.

ರೇಣುಕಾ ನನ್ನ ಹಾಳೆ ನೋಡಿದಳು. ಕಂಪ್ಯೂಟರ್ ನೋಡಿದಳು. ಮತ್ತೆ ನನ್ನ ಹಾಳೆ ನೋಡಿದಳು. ಮುಖ ಸಣ್ಣದಾಯಿತು.

“ಅಜ್ಜೀ, ನಿನ್ನೆ ಮಷಿನ್ನೂ ಇಲ್ಲಿ ‘ಇಲ್ಲ’ ಅಂತನ ಬರದೈತಿ.”

“ಮತ್ತ ಪಾಸಾದೆ ಅಲ್ಲೇನಬೇ?”

“ಇಬ್ಬರೂ ಫೇಲ್. ಏನ್ ಕಂಡು ಬರದಿ ನೀ? ಇಲ್ಲಿ ಅಕ್ಷರನ ಇಲ್ಲಲ್ಲ!”

ಆಗ ನೆನಪಾಯಿತು. ಬರುವ ವಾರ ಅದೇ ಆಸ್ಪತ್ರೆಯಲ್ಲಿ ಗಂಗಮ್ಮನ ಕಣ್ಣಿನ ಆಪರೇಷನ್. ಡಾಕ್ಟರು ನೋಡುವುದು ಅದೇ ಕಂಪ್ಯೂಟರನ್ನು. ತಕ್ಷಣ ಫೋನ್ ಹಚ್ಚಿಸಿದೆ.

“ಹೌದಲ್ಲ ಯಕ್ಕಾ,” ಎಂದಳು ಗಂಗಮ್ಮ, ಆರಾಮಾಗಿ. “ಹಿಂದಕ ಒಂದು ಇಂಜೆಕ್ಷನ್ ಮಾಡಿದ್ರು. ಮೈತುಂಬ ಗಂಧಿ ಎದ್ದು, ತುಟಿ ಬಾತು, ಉಸಿರು ಸಿಗಲಾರದಂಗ ಆಗಿತ್ತು.”

“ಯಾವ ಇಂಜೆಕ್ಷನ್ ಅದು?”

“ನನಗೇನ್ ಗೊತ್ತು? ಡಾಕ್ಟರು ಚೀಟ್ಯಾಗ ಬರದಾರಲ್ಲ!”

“ಇಷ್ಟು ದಿನ ನನಗ್ಯಾಕ ಹೇಳಲಿಲ್ಲ ನೀ?”

“ನೀ ಎಲ್ಲಿ ಕೇಳಿದಿ?”

ಆ ಚೀಟಿ ಬರೆದ ಡಾಕ್ಟರು ಊರು ಬಿಟ್ಟು ಎಷ್ಟೋ ಕಾಲವಾಗಿದೆ. ಯಾವ ಇಂಜೆಕ್ಷನ್ ಎಂದು ಹೇಳುವವರು ಈಗ ಯಾರೂ ಇಲ್ಲ. ಅವಳಿಗೆ ಚೀಟಿಯ ಮೇಲೆ ನಂಬಿಕೆ, ಡಾಕ್ಟರಿಗೆ ಕಂಪ್ಯೂಟರಿನ ಮೇಲೆ. ಕಂಪ್ಯೂಟರ್ ಏನನ್ನು ನಂಬಿ ‘ಇಲ್ಲ’ ಎಂದಿತು? ಹೆಚ್ಚಿನವರ ಚೀಟಿಯಲ್ಲಿ ಹಾಗೇ ಇತ್ತು, ಇವಳದೂ ಹಾಗೇ ಇದ್ದೀತು ಎಂದು. ನಾನು ಮಾಡಿದ್ದೂ ಅದೇ ತಾನೇ? ಗೊತ್ತಿರುವವರ ವಿಷಯದಲ್ಲಿ ನಾವು ಕಣ್ಣಿನಿಂದ ಓದುವುದಿಲ್ಲ, ಅಂದಾಜಿನಿಂದ ಓದುತ್ತೇವೆ.

ರೇಣುಕಾ ಕೈಪಿಡಿಗೆ ಹೊಸ ಸಾಲು ಸೇರಿಸಿದಳು: ‘ಓದಲು ಬಾರದ ಕಡೆ ಏನನ್ನೂ ತುಂಬಬಾರದು. ಖಾಲಿ ಬಿಟ್ಟು, ಓದಲಾಗಲಿಲ್ಲ ಎಂದು ತಿಳಿಸಬೇಕು.’ ಆಗಲೇ ಓದಿ ಮುಗಿಸಿದ ಚೀಟಿಗಳನ್ನೆಲ್ಲ ಇನ್ನೊಮ್ಮೆ ಓದಿಸಬೇಕು ಎಂದು ಹಟ ಹಿಡಿದಳು. ಅವಳ ಸಾಹೇಬರು ಡೆಡ್‌ಲೈನ್ ಎಂದು ಗೊಣಗಿದರಂತೆ. ಇವಳು ಬಿಡಲಿಲ್ಲ. ಒದ್ದೆಯಾದ ಚೀಟಿ ಇನ್ನು ಯಾರ್ಯಾರದಿದೆಯೋ?

ಈಗ ಗಂಗಮ್ಮನ ಹೆಸರಿನ ಮುಂದೆ ‘ಓದಲಾಗಲಿಲ್ಲ, ರೋಗಿಯನ್ನು ಕೇಳಿ’ ಎಂದಿದೆ. ಆದರೆ ಆಸ್ಪತ್ರೆಯಲ್ಲಿ ಹೊರಗೆ ಅಷ್ಟುದ್ದ ಪಾಳಿ, ಒಳಗೆ ಡಾಕ್ಟರಿಗೆ ಅವಸರ. ಆ ಸಾಲನ್ನು ಅವರು ನೋಡುತ್ತಾರೆಯೇ? ಕೇಳಿದರೂ ಗಂಗಮ್ಮ, “ಏನಿಲ್ರೀ ಸಾಹೇಬ್ರ, ಆರಾಮ ಅದೀನಿ” ಎಂದುಬಿಟ್ಟರೆ?

ಜೊತೆಗೆ ನಾನೇ ಹೋಗುತ್ತಿದ್ದೇನೆ. ಮನೆಯಲ್ಲಿ ಕನ್ನಡಿ ಮುಂದೆ ನಿಂತು ಹೇಳಬೇಕಾದ್ದನ್ನು ಹೇಳಿಯೂ ನೋಡಿದೆ. ಆದರೆ ಅಷ್ಟು ಜನರ ನಡುವೆ, ಡಾಕ್ಟರು ಏನೂ ಕೇಳದೆ ಸೂಜಿ ಕೈಗೆತ್ತಿಕೊಂಡರೆ, “ತಡೀರಿ” ಎನ್ನಲು ನನಗೆ ಬಾಯಿ ಬಂದೀತೇ?